ಅಪ್‌ಡೇಟ್: ದೊಡ್ಡಪತ್ರೆ ವಿನೆಗರ್ ಸೋಸಿ ಆಯ್ತು

ವಿನೆಗರ್‌ಗೆ ದೊಡ್ಡಪತ್ರೆ, ಪುದೀನ ಹಾಕಿಡಬಹುದಾ, ಎಲೆ ಕೊಳೆಯಲ್ವಾ ಅಂತ ಕೇಳಿದ್ದೆನಲ್ಲ? ಹಾಕಿಟ್ಟೆ. ಕೊಳೆಯಲಿಲ್ಲ.

ನೀವು ಹೇಳಿದ ಹಾಗೇ ಸಿಂಥೆಟಿಕ್ ವಿನೆಗರ್ (ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು) ಬಿಟ್ಟು, ಲೇಬಲ್ ಮೇಲೆ ಶೇ. 5 ಆಮ್ಲೀಯತೆ ಅಂತಿದ್ದ ಸೇಬಿನ ವಿನೆಗರ್ ತಂದೆ. ಪುದೀನ ದೇವರಾಜ ಮಾರುಕಟ್ಟೆಯದ್ದು, ದೊಡ್ಡಪತ್ರೆ ನಮ್ಮ ಕುಂಡದ್ದೇ. ನಿಜವಾದ ಕೆಲಸ ಇರೋದು ಎಲೆ ಒಣಗಿಸೋದರಲ್ಲಿ. ದೊಡ್ಡಪತ್ರೆ ದಪ್ಪ ಎಲೆ, ಮೈಯೆಲ್ಲ ಸಣ್ಣ ರೋಮ, ತೊಳೆದ ನೀರು ಅಲ್ಲೇ ಕೂತಿರುತ್ತೆ. ಬಟ್ಟೆ ಮೇಲೆ ಹರಡಿ ರಾತ್ರಿಯಿಡೀ ಫ್ಯಾನ್ ಕೆಳಗೆ ಬಿಟ್ಟೆ. ನೀರು ಸೇರಿದ್ರೆ ಹುಳಿ ತಗ್ಗುತ್ತೆ, ಎಲೆ ಕೆಡದ ಹಾಗೆ ಕಾಯೋದೇ ಆ ಹುಳಿ. ಎರಡು ಗಾಜಿನ ಜಾಡಿಗಳನ್ನ 10 ನಿಮಿಷ ನೀರಲ್ಲಿ ಕುದಿಸಿ, ಒಂದರಲ್ಲಿ ಪುದೀನ, ಇನ್ನೊಂದರಲ್ಲಿ ದೊಡ್ಡಪತ್ರೆ ಹಾಕಿ, ವಿನೆಗರನ್ನ ಕುದಿ ಬರೋಕೆ ಬಿಡದೆ ಬಿಸಿ ಮಾಡಿ, ಎಲೆ ಮುಳುಗೋವಷ್ಟು ಸುರಿದೆ. ಮುಚ್ಚಳ ಪ್ಲಾಸ್ಟಿಕ್‌ದು, ತಗಡಾದ್ರೆ ತುಕ್ಕು ಹಿಡಿಯುತ್ತೆ.

ನಡುವೆ ಎಲೆಯೆಲ್ಲ ಹಸಿರು ಹೋಗಿ ಮಾಸಲು ಕಂದಾಯ್ತು. ನೋಡಿದ ಅತ್ತೆ, "ಹೋಯ್ತು ಬಿಡಮ್ಮ, ಚೆಲ್ಲು" ಅಂದ್ರು. ಕೆಟ್ಟಿದ್ದಲ್ಲ ಅದು, ಆಮ್ಲ ತಾಗಿದ್ರೆ ಎಲೆಗೆ ಹಸಿರು ಕೊಡೋ ಕ್ಲೋರೋಫಿಲ್‌ನಲ್ಲಿರೋ ಮೆಗ್ನೀಷಿಯಂ ಬಿಟ್ಟುಹೋಗಿ ಬಣ್ಣ ಹಾಗಾಗುತ್ತೆ. ಬೂಸ್ಟು, ಗುಳ್ಳೆ, ಕೆಟ್ಟ ವಾಸನೆ ಇದ್ದಿದ್ರೆ ನಾನೇ ಚೆಲ್ಲುತ್ತಿದ್ದೆ.

ಮೂರ್ನಾಲ್ಕು ವಾರ ಕತ್ತಲಲ್ಲಿಟ್ಟು ತೆಳು ಬಟ್ಟೆಯಲ್ಲಿ ಸೋಸಿದೆ. ಪುದೀನದ್ದು ಸಪ್ಪೆ, ಇನ್ನೊಂದು ಸಲ ಮಾಡಲ್ಲ. ದೊಡ್ಡಪತ್ರೆಯದ್ದು ಮಾತ್ರ ಓಮದ ಘಮ! ಸೌತೆಕಾಯಿ ಕೋಸಂಬರಿಗೆ ನಿಂಬೆರಸದ ಬದಲು ಒಂದು ಚಮಚ ಹಾಕಿದೆ, ಬಟ್ಟಲು ಖಾಲಿ. ಅತ್ತೆ ಎರಡನೇ ಸಲ ಬಡಿಸಿಕೊಂಡ್ರು, ಬಾಟಲಿ ವಿಷಯ ಎತ್ತಲೇ ಇಲ್ಲ. ಉಳಿದದ್ದು ಫ್ರಿಜ್‌ನಲ್ಲಿದೆ.