ಬಾಲ ಇಲ್ಲದ ಬೆಕ್ಕನ್ನು ಶೆಲ್ಟರ್‌ನಿಂದ ತರಬೇಕು ಅಂತಿದ್ದೇವೆ, ಸಾಕಿದವರು ಇದ್ದರೆ ಹೇಳಿ

ಮಡಿಕೇರಿಯಿಂದ ಕೇಳಿದ್ದು

ಮೈಸೂರಿನ ಒಂದು ಶೆಲ್ಟರ್‌ನಲ್ಲಿ ಕಂದು ಪಟ್ಟೆಯ ಹೆಣ್ಣು ಬೆಕ್ಕನ್ನು ನೋಡಿ ಬಂದಿದ್ದೇವೆ. ಬಾಲವೇ ಇಲ್ಲ, ಬೆನ್ನು ದುಂಡಗೆ ಮುಗಿದು ಹೋಗಿದೆ. ಮ್ಯಾಂಕ್ಸ್ ಅನ್ನುವ ಜಾತಿ ಇರಬಹುದು ಅಂದರು. ಮಗಳು ಅದೇ ಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮ ಯಜಮಾನರಿಗೆ ಮಾತ್ರ ಅನುಮಾನ, ಇಂಥ ಬೆಕ್ಕಿಗೆ ಕಾಯಿಲೆ ಜಾಸ್ತಿ ಅಂತ ಯಾರೋ ಹೇಳಿದ್ದಾರೆ. ಮನೆ ಕಾಫಿ ತೋಟದ ಒಳಗೆ ಇದೆ, ಒಂದು ನಾಯಿಯೂ ಇದೆ. ತರಬಹುದಾ?

ಸುಂಟಿಕೊಪ್ಪದಿಂದ

ತರಬಹುದು ಅಕ್ಕಾ. ಆದರೆ ತರುವ ಮೊದಲು ಒಂದು ವಿಷಯ ಕೇಳಿ: ಅದು ಹುಟ್ಟುವಾಗಲೇ ಬಾಲ ಇಲ್ಲದೆ ಹುಟ್ಟಿದ್ದಾ, ಅಥವಾ ಆಮೇಲೆ ಹೋಗಿದ್ದಾ? ನಮ್ಮ ಕಡೆ ಇದೇ ಮುಖ್ಯ. ಯಾಕೆ ಅಂದರೆ ನಾನು ನೋಡಿದ ಬಾಲ ಇಲ್ಲದ ಬೆಕ್ಕುಗಳಲ್ಲಿ ಹೆಚ್ಚಿನವು ಗಾಡಿ ಚಕ್ರಕ್ಕೆ ಸಿಕ್ಕಿದವು, ನಾಯಿ ಹಿಡಿದು ಎಳೆದವು. ನನ್ನ ಮೊದಲ ಬೆಕ್ಕೂ ಹಾಗೇ ಬಂದಿದ್ದು. ಗಾಯ ಕೊಳೆತು ಡಾಕ್ಟರ್ ಬಾಲ ತೆಗೆದಿದ್ದರು.

ಮ್ಯಾಂಕ್ಸ್ ಅನ್ನುವುದು ಐಲ್ ಆಫ್ ಮ್ಯಾನ್ ಅನ್ನುವ ದ್ವೀಪದ ಬೆಕ್ಕು. ಇಂಗ್ಲೆಂಡ್ ಮತ್ತು ಐರ್ಲೆಂಡ್ ಮಧ್ಯದ ಸಮುದ್ರದಲ್ಲಿದೆ ಆ ದ್ವೀಪ. ಅಲ್ಲಿಯವರಿಗೆ ಅದರ ಮೇಲೆ ಎಷ್ಟು ಪ್ರೀತಿ ಅಂದರೆ 1970ರಲ್ಲಿ ನಾಣ್ಯದ ಮೇಲೇ ಅದರ ಚಿತ್ರ ಹಾಕಿದರು. ಈ ಜಾತಿಯಲ್ಲೂ ಎಲ್ಲಕ್ಕೂ ಬಾಲ ಇರುವುದಿಲ್ಲ ಅಂತಲ್ಲ. ಒಂದೇ ಸೂಲಿನಲ್ಲಿ ಪೂರ್ತಿ ಬೋಳು, ಸಣ್ಣ ಮೊಂಡು, ಉದ್ದ ಬಾಲ ಮೂರೂ ಹುಟ್ಟಬಹುದು. ತೊಂದರೆ ಎಲ್ಲಿ ಅಂದರೆ, ಬಾಲ ಬೆಳೆಯದಂತೆ ಮಾಡುವ ಜೀನ್ ಅಲ್ಲಿಗೇ ನಿಲ್ಲುವುದಿಲ್ಲ, ಬೆನ್ನುಮೂಳೆ ಬೆಳೆಯುವುದನ್ನೂ ಮುಟ್ಟುತ್ತದೆ. ತಾಯಿ ತಂದೆ ಇಬ್ಬರಿಂದಲೂ ಆ ಜೀನ್ ಬಂದರೆ ಮರಿ ಹೊಟ್ಟೆಯಲ್ಲೇ ಸತ್ತುಹೋಗುತ್ತದೆ. ಒಬ್ಬರಿಂದ ಬಂದರೆ ಬದುಕುತ್ತದೆ, ಆದರೆ ಕೆಲವಕ್ಕೆ ಬೆನ್ನುಹುರಿಯ ತುದಿ ಸರಿ ಇರುವುದಿಲ್ಲ. ಆಗ ಉಚ್ಚೆ ತಾನಾಗೇ ಸೋರುತ್ತದೆ, ಕಕ್ಕ ಗಟ್ಟಿಯಾಗಿ ಒಳಗೇ ನಿಲ್ಲುತ್ತದೆ, ಹಿಂಗಾಲು ಬಲ ಇರುವುದಿಲ್ಲ. ಇದು ಸಾಮಾನ್ಯವಾಗಿ ಮೊದಲ 6 ತಿಂಗಳ ಒಳಗೆ ಗೊತ್ತಾಗುತ್ತದೆ. ಅದಕ್ಕೇ ನನ್ನ ಮಾತು: ಮರಿ ಮುದ್ದಾಗಿದೆ ಅಂತ ತರಬೇಡಿ, ಒಂದು ವರ್ಷ ದಾಟಿದ ಬೆಕ್ಕೇ ಒಳ್ಳೆಯದು. ಅಷ್ಟರಲ್ಲಿ ಏನಿದ್ದರೂ ಹೊರಗೆ ಬಂದಿರುತ್ತದೆ.

ಬಾಲ ಇಲ್ಲ ಅಂದ ಕೂಡಲೇ ಮ್ಯಾಂಕ್ಸ್ ಅಂತಲೂ ಅಲ್ಲ. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ ಕಡೆ ಬೀದಿ ಬೆಕ್ಕುಗಳಲ್ಲೇ ಮೊಂಡು ಬಾಲ, ಗಂಟು ಬಾಲ ಧಾರಾಳ. ಜಪಾನಿನ ಬಾಬ್‌ಟೇಲ್ ಜಾತಿಯ ಜೀನ್ ಬೇರೆಯದೇ, ಅದಕ್ಕೆ ಈ ಬೆನ್ನಿನ ತೊಂದರೆ ಅಂಟಿಕೊಂಡಿಲ್ಲ. ಹಾಗಾಗಿ ಜಾತಿಯ ಹೆಸರಿಗೆ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನೊಂದು ಸಲ ಹೋಗಿ ಅರ್ಧ ದಿನ ಅಲ್ಲೇ ಕೂತುಬಿಡಿ. ಅದು ನಡೆಯುವುದನ್ನು ನೋಡಿ. ಹಿಂಗಾಲು ಎರಡನ್ನೂ ಜೋಡಿಸಿಕೊಂಡು ಮೊಲದ ಹಾಗೆ ಕುಪ್ಪಳಿಸುತ್ತಲೇ ಇದ್ದರೆ ಡಾಕ್ಟರ್‌ಗೆ ತೋರಿಸದೆ ತರಬೇಡಿ. ಹಿಂದೆ ಕೂದಲು ಒದ್ದೆ ಇದೆಯಾ, ವಾಸನೆ ಇದೆಯಾ ನೋಡಿ, ನಾಚಿಕೊಳ್ಳಬೇಡಿ, ಮೂಗು ಹತ್ತಿರ ಇಟ್ಟೇ ನೋಡಿ. ಮಲಗಿ ಎದ್ದ ಜಾಗ ಮುಟ್ಟಿ ನೋಡಿ. ಟ್ರೇಯಲ್ಲಿ ತಾನಾಗಿ ಹೋಗುತ್ತದಾ ಅಂತ ದಿನಾ ಗುಡಿಸುವವರನ್ನು ಕೇಳಿ, ಆಫೀಸಿನಲ್ಲಿ ಕೂತವರನ್ನಲ್ಲ. ಆಪರೇಷನ್ ಆಗಿದ್ದರೆ ತುದಿಯಲ್ಲಿ ಕಲೆ ಇರುತ್ತದೆ. ಹುಟ್ಟಿನಿಂದ ಇಲ್ಲದಿದ್ದರೆ ಅಲ್ಲಿ ಸಣ್ಣ ಗುಳಿ ಬೆರಳಿಗೆ ಸಿಗುತ್ತದೆ. ಆ ಜಾಗ ಒತ್ತಬೇಡಿ, ಕೆಲವಕ್ಕೆ ನೋವಾಗುತ್ತದೆ.

ಸೋಮವಾರಪೇಟೆಯಿಂದ

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಉಚ್ಚೆ ಸೋರುವ ಬೆಕ್ಕನ್ನು ತರಲೇಬಾರದು ಅಂತ ನಿಮಗೆ ಅನಿಸಬಾರದು ಅಂತ ಬರೆಯುತ್ತಿದ್ದೇನೆ. ನಮ್ಮದು ಅಂಥದ್ದೇ. ಯಾರೋ ಬಾಲ ಹಿಡಿದು ಎಳೆದಿದ್ದರು, ಬಾಲದ ಬುಡದ ನರ ಹರಿದಿತ್ತು. ಮೂತ್ರಚೀಲಕ್ಕೆ ಹೋಗುವ ನರವೂ ಅಲ್ಲೇ ಇರುವುದರಿಂದ ಅದೂ ಕೆಟ್ಟಿತ್ತು. ಒಂದು ತಿಂಗಳು ಕಾಯಿರಿ, ಕೆಲವಕ್ಕೆ ವಾಪಸ್ ಬರುತ್ತದೆ ಅಂದರು ಡಾಕ್ಟರ್. ನಮ್ಮದಕ್ಕೆ ಬರಲಿಲ್ಲ.

ಈಗ 4 ವರ್ಷ ಆಯಿತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಲಗುವ ಮುಂಚೆ, ಮೂರು ಹೊತ್ತು ಹೊಟ್ಟೆ ಮೆಲ್ಲಗೆ ಒತ್ತಿ ಉಚ್ಚೆ ಖಾಲಿ ಮಾಡುತ್ತೇನೆ. ಬಲೂನಿಗೆ ನೀರು ತುಂಬಿದ ಹಾಗೆ ಕೈಗೆ ಸಿಗುತ್ತದೆ. ಇದನ್ನು ಡಾಕ್ಟರ್ ಪಕ್ಕದಲ್ಲಿ ನಿಂತು ಕಲಿಯಬೇಕು, ವಿಡಿಯೋ ನೋಡಿ ಮಾಡಬೇಡಿ. ನಾನು ಮೊದಲ ವಾರ ಸರಿಯಾಗಿ ಖಾಲಿ ಮಾಡದೆ ಅದಕ್ಕೆ ಸೋಂಕು ಆಗಿ ಜ್ವರ ಬಂತು, ಅದನ್ನು ನೆನೆಸಿದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಕಕ್ಕ ಗಟ್ಟಿಯಾಗದ ಹಾಗೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರ ಕಡಿಮೆ ಮಾಡಿ, ಬೇಯಿಸಿದ ಕೋಳಿಗೆ ನೀರು ಜಾಸ್ತಿ ಹಾಕಿ, ಒಂದು ಚಮಚ ಬೇಯಿಸಿದ ಸಿಹಿಕುಂಬಳ ಕಲಸಿ ಕೊಡುತ್ತೇನೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕುವುದಿಲ್ಲ. ಎರಡು ದಿನ ಕಕ್ಕ ಆಗದಿದ್ದರೆ ಕಾಯುವುದಿಲ್ಲ, ಬುಟ್ಟಿ ಎತ್ತಿಕೊಂಡು ಡಾಕ್ಟರ್ ಹತ್ತಿರ ಹೊರಡುತ್ತೇನೆ.

ಮದುವೆಗೆ ಅಂತ ಎರಡು ದಿನ ಊರಿಗೆ ಹೋಗುವುದು ಕಷ್ಟವಾಗಿದೆ, ಅದು ನಿಜ. ಮನೆಯಲ್ಲಿ ಇನ್ನೊಬ್ಬರು ಒತ್ತಲು ಕಲಿತರೆ ಮಾತ್ರ ಅಂಥ ಬೆಕ್ಕು ತನ್ನಿ. ಆದರೆ ಅದು ಕುಣಿಯುತ್ತದೆ, ಅಟ್ಟ ಹತ್ತುತ್ತದೆ, ನಾನು ಅಡುಗೆ ಮನೆಗೆ ಹೋದರೆ ಹಿಂದೆಯೇ ಬರುತ್ತದೆ. ಅಪಾರ ಪ್ರೀತಿಯ ಜೀವ.

ಗೋಣಿಕೊಪ್ಪದಿಂದ

ಕಾಯಿಲೆ ವಿಷಯ ಹೇಳಿಯಾಯಿತು, ನಾನು ತೋಟದ ವಿಷಯ ಹೇಳುತ್ತೇನೆ. ದಯವಿಟ್ಟು ಮನೆಯೊಳಗೇ ಸಾಕಿ. ತೋಟದಲ್ಲಿ ಹೆಗ್ಗಣಕ್ಕೆ ಇಟ್ಟ ವಿಷ ತಿಂದ ಇಲಿಯನ್ನು ಹಿಡಿದು ತಿಂದು ನಮ್ಮ ಬೆಕ್ಕು ಹೋಯಿತು. ಪಕ್ಕದ ತೋಟದವರು ಇಟ್ಟಿದ್ದು ನಮಗೆ ಗೊತ್ತೇ ಇರಲಿಲ್ಲ. ಚಿರತೆ ಓಡಾಡುವ ಕಡೆಯಾದರೆ ರಾತ್ರಿ ಹೊರಗೆ ಬಿಡುವ ಮಾತೇ ಇಲ್ಲ.

ನಾಯಿಗೆ ಉಣುಗಿಗೆ ಅಂತ ಬೆನ್ನಿಗೆ ಹಾಕುವ ಔಷಧಿ ಇದೆಯಲ್ಲ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ವಿಷ. ಬೆಕ್ಕಿಗೆ ಹಾಕುವುದಂತೂ ಬೇಡವೇ ಬೇಡ, ನಾಯಿಗೆ ಹಾಕಿದರೂ ಎರಡು ಮೂರು ದಿನ ಜೊತೆ ಮಲಗಿಸಬೇಡಿ. ಮಳೆಗಾಲದಲ್ಲಿ ಜಿಗಣೆಗೆ ನಾವು ಕಾಲಿಗೆ ಹಚ್ಚುವ ಹೊಗೆಸೊಪ್ಪಿನ ನೀರನ್ನೂ ಬೆಕ್ಕಿಗೆ ಹಚ್ಚಬೇಡಿ, ಅದು ಮೈ ನೆಕ್ಕುತ್ತದೆ. ಜ್ವರ ಬಂತು ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯುತ್ತದೆ, ಅರ್ಧ ಮಾತ್ರೆಯೂ ಬೇಡ.

ಟ್ರೇಗೆ ಮರಳು ಹಾಕುವವರಾದರೆ ಮೇ ತಿಂಗಳಲ್ಲೇ ಒಣಗಿಸಿ ಚೀಲದಲ್ಲಿ ಕಟ್ಟಿಡಿ. ಜೂನ್ ಶುರುವಾದರೆ ಇಲ್ಲಿ ಏನು ಒಣಗುತ್ತದೆ? ಹುತ್ತರಿ ದಿನ ಕೋವಿ, ಪಟಾಕಿ ಸದ್ದಿಗೆ ಹೆದರಿ ಓಡಿಹೋಗುತ್ತವೆ. ಸಂಜೆಯೇ ಒಳಗಿನ ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿ.

ಮಡಿಕೇರಿಯಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನ್ ಮಾಡಿ ಕೇಳಿದೆ. ಸುಮಾರು 2 ವರ್ಷದ್ದಂತೆ, ಕಲೆ ಇಲ್ಲ, ಟ್ರೇಯಲ್ಲೇ ಹೋಗುತ್ತದೆ, ಸಂತಾನಹರಣ ಆಪರೇಷನ್ ಆಗಿದೆ. ರೇಬೀಸ್ ಲಸಿಕೆ ಮಾತ್ರ ಇನ್ನೂ ಹಾಕಿಲ್ಲ. ಶನಿವಾರ ಹೋಗಿ ನೋಡುತ್ತೇವೆ.

ಸುಂಟಿಕೊಪ್ಪದಿಂದ

ಕೇಳಿ ಖುಷಿಯಾಯಿತು ಅಕ್ಕಾ. ರೇಬೀಸ್ ಲಸಿಕೆ ಅಲ್ಲೇ ಹಾಕಿಸಿ, ಕಾರ್ಡ್ ಇಸ್ಕೊಂಡೇ ಹೊರಡಿ. ಬೆನ್ನಿನ ಎಕ್ಸ್‌ರೇಯನ್ನೂ ಮೈಸೂರಿನಲ್ಲೇ ತೆಗೆಸಿಬಿಡಿ, ಮತ್ತೆ 120 ಕಿಲೋಮೀಟರ್ ಅದನ್ನು ಹೊತ್ತುಕೊಂಡು ಹೋಗುವುದು ತಪ್ಪುತ್ತದೆ. ಹೊರಡುವ 4 ಗಂಟೆ ಮುಂಚೆಯಿಂದ ಊಟ ಕೊಡಬೇಡಿ ಅಂತ ಅವರಿಗೆ ಹೇಳಿ, ಕುಶಾಲನಗರ ದಾಟಿ ತಿರುವು ಶುರುವಾದ ಮೇಲೆ ವಾಂತಿ ಮಾಡುತ್ತವೆ. ಮಗಳು ತೊಡೆ ಮೇಲೆ ಕೂರಿಸಿಕೊಳ್ಳುತ್ತೇನೆ ಅಂದರೂ ಬಿಡಬೇಡಿ, ಬಾಗಿಲು ಇರುವ ಬುಟ್ಟಿಯಲ್ಲೇ ಇರಲಿ. ಎತ್ತುವಾಗ ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಗಾಲಿನ ಕೆಳಗೆ, ಬೆನ್ನಿನ ತುದಿ ಜೋತು ಬೀಳಬಾರದು. ಇದನ್ನು ಮಗಳಿಗೆ ಈಗಲೇ ಒಂದು ದಿಂಬು ಕೊಟ್ಟು ಕಲಿಸಿಬಿಡಿ.