6 ಎಂಬಿ ಜೇಸನ್ ಫೈಲಿಗೆ ಈಮ್ಯಾಕ್ಸ್ ಎಡಿಟರ್ ನಿಂತೇ ಹೋಗುತ್ತದೆ, ದೊಡ್ಡ ಲಾಗ್ ಫೈಲ್ ಮಾತ್ರ ಆರಾಮಾಗಿ ಓಡುತ್ತದೆ, ಯಾಕೆ?

ಬಳ್ಳಾರಿ_ಜೀನ್ಸ್:
ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೋಲ್‌ಸೇಲ್ ಅಂಗಡಿಯ ಕಂಪ್ಯೂಟರ್ ಕೆಲಸ ನಂದು. ಬಿಲ್ಲಿಂಗ್ ಸಾಫ್ಟ್‌ವೇರ್ ಸ್ಟಾಕ್ ಲಿಸ್ಟನ್ನು ಜೇಸನ್ ಫೈಲ್ (ಡೇಟಾ ಬರೆದಿಡುವ ಒಂದು ಟೆಕ್ಸ್ಟ್ ರೂಪ) ಮಾಡಿ ಕೊಡುತ್ತದೆ, ಪಾರ್ಟಿ ಹೆಸರೆಲ್ಲ ಕನ್ನಡದಲ್ಲಿವೆ. ಈಮ್ಯಾಕ್ಸ್‌ನಲ್ಲಿ ತೆಗೆದರೆ ಮೊದಲ ಪರದೆ ಬರುತ್ತದೆ, ಆಮೇಲೆ ಬಾಣದ ಕೀ ಒತ್ತಿದರೆ ಮುಗೀತು, ಕರ್ಸರ್ ಅಲ್ಲಾಡಲ್ಲ. ಫೈಲಿನ ಕೊನೆಗೆ ಹೋದರಂತೂ ಚಹಾ ಕುಡಿದು ಬರಬಹುದು. ಇದೇ ಮಷೀನಿನಲ್ಲಿ 200 ಎಂಬಿ ಲಾಗ್ ಸಲೀಸು. ಉಬುಂಟು 20.04, ಈಮ್ಯಾಕ್ಸ್ 26.3. ರ‍್ಯಾಮ್ ಹಾಕಿಸಬೇಕಾ? ಕನ್ನಡ ಇರೋದಕ್ಕೆ ಹೀಗಾ?

ತುಂಗಭದ್ರಾ_ದಂಡೆ:
ರ‍್ಯಾಮ್‌ಗೆ ಸುಮ್ನೆ ದುಡ್ಡು ಹಾಕಬೇಡಿ ಅಣ್ಣ. ಟರ್ಮಿನಲ್‌ನಲ್ಲಿ ಡಬ್ಲ್ಯೂಸಿ ಕಮಾಂಡ್‌ಗೆ ಮೈನಸ್ ಸಣ್ಣ ಎಲ್ ಕೊಟ್ಟು ಸಾಲು ಎಣಿಸಿ. 0 ಬಂದರೆ ಗಾಬರಿಯಾಗಬೇಡಿ, ಅದು ಎಣಿಸೋದು ಸಾಲು ಮುರಿಯುವ ಗುರುತನ್ನು, ನಿಮ್ಮ ಫೈಲಿನಲ್ಲಿ ಅದು ಒಂದೂ ಇಲ್ಲ ಅಂತ ಅರ್ಥ. ಅಂದರೆ 6 ಎಂಬಿಯೂ ಒಂದೇ ಸಾಲು. ಕರ್ಸರ್ ಯಾವ ಕಾಲಮ್‌ನಲ್ಲಿದೆ ಅಂತ ತಿಳಿಯೋಕೆ ಈಮ್ಯಾಕ್ಸ್ ಸಾಲಿನ ಶುರುವಿನಿಂದ ಲೆಕ್ಕ ಹಾಕಿಕೊಂಡು ಬರಬೇಕು, ಅದಕ್ಕೇ ಮೊದಲಲ್ಲಿ ಪರವಾಗಿಲ್ಲ, ಕೊನೆಗೆ ಹೋದಷ್ಟೂ ಎಳೆತ. ಲಾಗ್ ಎಷ್ಟೇ ದೊಡ್ಡದಿರಲಿ, ಸಾಲು ಗಿಡ್ಡ, ತೊಂದರೆಯಿಲ್ಲ. ಕನ್ನಡ ಅಕ್ಷರ ಜೋಡಿಸೋಕೆ ಸ್ವಲ್ಪ ಜಾಸ್ತಿ ಕೆಲಸ ನಿಜ, ಆದರೆ ಬರೀ ಇಂಗ್ಲಿಷ್ ಇದ್ದಿದ್ದರೂ ಇದೇ ಕಥೆ.

ಈಗ ಯಾವ ಭಾಗ ನಿಧಾನ ಅಂತ ಹಿಡೀಬೇಕು. ಮೊದಲು ಟರ್ಮಿನಲ್‌ನಲ್ಲಿ ಮೈನಸ್ ದೊಡ್ಡ ಕ್ಯೂ ಅಕ್ಷರ ಕೊಟ್ಟು ನಿಮ್ಮ ಸೆಟ್ಟಿಂಗ್ ಏನೂ ಇಲ್ಲದೆ ಈಮ್ಯಾಕ್ಸ್ ಶುರು ಮಾಡಿ. ಆಗಲೂ ನಿಧಾನವಿದ್ದರೆ ಬಣ್ಣಗಿಣ್ಣ ಏನೂ ಇಲ್ಲದ ಫಂಡಮೆಂಟಲ್ ಮೋಡ್‌ಗೆ ಹೋಗಿ, ಅಲ್ಲಿ ಹಗುರಾದರೆ ಬಣ್ಣ ಹಚ್ಚುವ ರೆಜೆಕ್ಸ್‌ಗಳದ್ದೇ (ಪದ ಹುಡುಕುವ ಮಾದರಿಗಳು) ಕಾಟ. ಆಗಲೂ ಆಗದಿದ್ದರೆ ಪರದೆ ಬಿಡಿಸುವ ಭಾಗದ್ದು. ಎಲ್ಲಿ ಎಷ್ಟು ಸಮಯ ಹೋಯಿತು ಅಂತ ಅಳೆಯುವ ಈಮ್ಯಾಕ್ಸ್‌ನ ಪ್ರೊಫೈಲರ್ ಚಾಲೂ ಮಾಡಿ ಹತ್ತಾರು ಸಲ ಬಾಣ ಒತ್ತಿ ರಿಪೋರ್ಟ್ ತೆಗೆಯಿರಿ. ರೀಡಿಸ್‌ಪ್ಲೇ (ಪರದೆ ಬಿಡಿಸುವ ಭಾಗ) ಕೆಳಗೆ ಜಿಟ್-ಲಾಕ್ (ಬಣ್ಣ ಹಚ್ಚುವ ಭಾಗ) ದೊಡ್ಡದಾಗಿ ಕಂಡರೆ ಬಣ್ಣದ್ದು, ರೀಡಿಸ್‌ಪ್ಲೇ ಒಂದೇ ಉಬ್ಬಿದ್ದರೆ ಸಾಲಿನ ಉದ್ದದ್ದು.

ಹತ್ತಿ_ಬೆಲೆ_ರಾಯಚೂರು:
ಇಷ್ಟೆಲ್ಲಾ ಯಾಕೆ, ವಿಎಸ್ ಕೋಡ್ ಎಡಿಟರ್‌ನಲ್ಲಿ ತೆಗೀರಿ, ಓಡುತ್ತೆ.

ತುಂಗಭದ್ರಾ_ದಂಡೆ:
ಓಡುತ್ತೆ ಸರ್, ಯಾಕಂದ್ರೆ ಅದು ಮಾಮೂಲಿ ಸೆಟ್ಟಿಂಗ್‌ನಲ್ಲಿ ಒಂದು ಸಾಲಿನ 10000 ಅಕ್ಷರ ಆದಮೇಲೆ ತೋರಿಸೋದನ್ನೇ ನಿಲ್ಲಿಸುತ್ತೆ. ಇವರಿಗೆ ಬೇಕಾದ ಪಾರ್ಟಿ ಅದರಾಚೆ ಇದ್ದರೆ? ಅದಕ್ಕಿಂತ ಈಮ್ಯಾಕ್ಸ್ ಹೊಸದು ಹಾಕೋದು ವಾಸಿ. 2020ರ 27.1ರಲ್ಲಿ ಉದ್ದ ಸಾಲಿನ ಫೈಲನ್ನು ಹಗುರ ಮಾಡುವ ಸೋ-ಲಾಂಗ್ ಬಂತು, ಆದರೆ ಅದನ್ನು ನಾವೇ ಆನ್ ಮಾಡಬೇಕು. 2023ರ 29ರಲ್ಲಿ ಉದ್ದ ಸಾಲಿಗೆ ಒಳಗೇ ರಿಪೇರಿ ಆಗಿದೆ.

ಕೊಪ್ಪಳದ_ಕೋಡು:
ಓದೋಕಷ್ಟೇ ಆದರೆ ಜೆಕ್ಯೂ ಅನ್ನೋ ಜೇಸನ್ ಕಮಾಂಡ್‌ಗೆ ಹಾಕಿ ಸಾಲು ಒಡೆದು ಬೇರೆ ಫೈಲಿಗೆ ಬರೆಸಿ, ಮುಗೀತು. ಪೈಥಾನ್‌ನ ಜೇಸನ್ ಟೂಲ್ ಬಳಸಿದರೆ ಮಾತ್ರ ಹುಷಾರು, ಸುಮ್ನೆ ಓಡಿಸಿದರೆ ಕನ್ನಡ ಹೆಸರೆಲ್ಲ ಬ್ಯಾಕ್‌ಸ್ಲ್ಯಾಶ್ ಯು ಕೋಡ್ ಆಗಿಬಿಡುತ್ತವೆ. ಈಮ್ಯಾಕ್ಸ್‌ನಲ್ಲಿ ಫೈಲನ್ನು ಬರೀ ಬೈಟ್‌ಗಳಾಗಿ ತೆಗೆಯುವ ಫೈಂಡ್-ಫೈಲ್-ಲಿಟರಲಿ ಅಂತ ಯಾರಾದರೂ ಹೇಳಿದರೂ ಅಷ್ಟೇ, ವೇಗ ಬರುತ್ತೆ, ಆದರೆ ಅಕ್ಷರದ ಜಾಗದಲ್ಲಿ 340, 262 ಅಂತ ಬರೀ ಅಂಕಿ.

ಬಳ್ಳಾರಿ_ಜೀನ್ಸ್:
ಡಬ್ಲ್ಯೂಸಿ 0 ಅಂತಲೇ ಅಂದಿತು. ಫಂಡಮೆಂಟಲ್ ಮೋಡ್‌ನಲ್ಲಿ ಮೊದಲರ್ಧ ಹಗುರ, ಕೊನೆಗೆ ಇನ್ನೂ ಎಳೆಯುತ್ತದೆ, ಅಂದರೆ ಎರಡೂ ಇವೆ ಅಲ್ವಾ? ಜೆಕ್ಯೂ ಮಾಡಿದ ಫೈಲ್ ನೀರಿನ ಹಾಗೆ ಓಡುತ್ತಿದೆ. ತಿದ್ದಿದ್ದನ್ನು ವಾಪಸ್ ಬಿಲ್ಲಿಂಗ್‌ಗೆ ಹಾಕುವಾಗ ಮತ್ತೆ ಒಂದೇ ಸಾಲು ಮಾಡಬೇಕಾ?

ಕೊಪ್ಪಳದ_ಕೋಡು:
ಜೇಸನ್ ಓದುವ ಸಾಫ್ಟ್‌ವೇರ್‌ಗೆ ಸಾಲು ಎಷ್ಟಿದ್ದರೂ ಒಂದೇ. ಆದರೂ ಬೇಕಂದರೆ ಜೆಕ್ಯೂಗೆ ಮೈನಸ್ ಸಣ್ಣ ಸಿ ಕೊಡಿ, ಮತ್ತೆ ಒಂದೇ ಸಾಲಾಗುತ್ತೆ. ಮೂಲ ಫೈಲಿನ ಒಂದು ಕಾಪಿ ಇಟ್ಟುಕೊಂಡೇ ಹಾಕಿ.