ರಾಫ್ಟಿನ ಎಲೆಕ್ಟ್ರಿಕ್ ಮೋಟಾರಿಗೆ ನೀರು ನುಗ್ಗದಂತೆ ಏನು ಮಾಡಬೇಕು?

ಮಳವಳ್ಳಿ ಕಡೆಯವನು ನಾನು. ಚಿಕ್ಕ ವರ್ಕ್‌ಶಾಪ್ ಇದೆ. ಸ್ನೇಹಿತರ ರಾಫ್ಟಿಗೆ 48 ವೋಲ್ಟಿನ, 2 ಕಿಲೋವ್ಯಾಟ್ ಬ್ರಷ್‌ಲೆಸ್ ಮೋಟಾರ್ ಕೂರಿಸಿದೆ. ರಭಸದಲ್ಲಿ ಹುಟ್ಟೇ ಸಾಕು, ನೀರು ನಿಂತ ಮಡು ದಾಟಲು ಮೋಟಾರ್ ಬೇಕು. ಒಂದೇ ಸೀಸನ್‌ನಲ್ಲಿ ಎರಡು ಹೋದವು. ಬೇರಿಂಗೆಲ್ಲ ತುಕ್ಕು. ಕೊಟ್ಟವರು ಐಪಿ67 ಅಂದಿದ್ದರು. ಅನುಭವ ಇದ್ದವರು ದಯವಿಟ್ಟು ಹೇಳಿ.

ಮಂಡ್ಯ, ಮೋಟಾರ್ ರಿವೈಂಡಿಂಗ್ ಮಾಡುವವರು:

ಅಣ್ಣಾ, ಐಪಿ67 ಅಂದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ಮುಳುಗಿಸಿ ನೋಡುವ ಪರೀಕ್ಷೆ, ಅಷ್ಟೇ. ಮರಳು ನೀರಲ್ಲಿ ಶಾಫ್ಟ್ ತಿರುಗುತ್ತಾ ದಿನಗಟ್ಟಲೆ ಇರುವುದು ಬೇರೆಯದೇ ಕಥೆ.

ನಿಮ್ಮ ಮೋಟಾರ್ ಉಸಿರಾಡಿದೆ ಅನ್ಸುತ್ತೆ. ಓಡುವಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಸೀಲಿನ ಸಂದಿಯಿಂದ ಸ್ವಲ್ಪ ಆಚೆ ಹೋಗುತ್ತದೆ. ನಿಲ್ಲಿಸಿದ ಕೂಡಲೇ ಹೊಳೆಯ ತಣ್ಣೀರಿಗೆ ಬಾಡಿ ತಣ್ಣಗಾಗುತ್ತದೆ. ಉಳಿದ ಗಾಳಿ ಕುಗ್ಗಿ, ಅದೇ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಸಲಕ್ಕೆ ಒಂದೆರಡು ಹನಿಯೇ ಇರಬಹುದು. ದಿನಕ್ಕೆ ಎಂಟು ಟ್ರಿಪ್ ಆದರೆ ಲೆಕ್ಕ ಹಾಕಿ.

ಬೋರ್‌ವೆಲ್ ಮೋಟಾರ್ ನೂರಾರು ಅಡಿ ಕೆಳಗೆ ವರ್ಷಗಟ್ಟಲೆ ಬಾಳುತ್ತೆ, ಅಲ್ವಾ? ಇಳಿಸುವ ಮೊದಲು ನಾವೇ ಅದರೊಳಗೆ ಶುದ್ಧ ನೀರು ತುಂಬುತ್ತೇವೆ. ಅಡಿಯಲ್ಲಿ ರಬ್ಬರ್ ಡಯಾಫ್ರಾಮ್ ಇರುತ್ತದೆ. ಒಳಗಿನ ನೀರು ಕಾದರೆ ಅದು ಉಬ್ಬುತ್ತದೆ, ಆರಿದರೆ ಇಳಿಯುತ್ತದೆ. ಒಳಗೂ ಹೊರಗೂ ಒತ್ತಡ ಒಂದೇ. ಹಾಗಾಗಿ ಎಳೆದುಕೊಳ್ಳುವ ಮಾತೇ ಇಲ್ಲ.

ನಿಮ್ಮದರಲ್ಲಿ ಮ್ಯಾಗ್ನೆಟ್ ಇದೆ, ನೀರು ತುಂಬಿದರೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಮೋಟಾರಿನ ಗಾಳಿಯನ್ನು ಕೇಬಲ್ ಪೈಪಿನ ಮೂಲಕ ನೀರಿನಿಂದ ಮೇಲಕ್ಕೆ ತನ್ನಿ. ತುದಿಗೆ ಗಾಳಿ ಬಿಟ್ಟು ನೀರು ತಡೆಯುವ ವೆಂಟ್ ಹಾಕಿ, ಇವಿ ಬ್ಯಾಟರಿ ಬಾಕ್ಸಿಗೆ ಹಾಕುತ್ತಾರಲ್ಲ, ಅದೇ. ಶಾಫ್ಟಿಗೆ ಕೊಳಚೆ ನೀರಿನ ಪಂಪಿನ ಹಾಗೆ ಎರಡು ಮೆಕ್ಯಾನಿಕಲ್ ಸೀಲ್, ನಡುವೆ ಆಯಿಲ್. ನದಿ ಕಡೆಯ ಸೀಲ್ ಸಿಲಿಕಾನ್ ಕಾರ್ಬೈಡಿನದೇ ಇರಲಿ, ಮರಳಿಗೆ ತಡೆಯುತ್ತದೆ. ವಾರಕ್ಕೊಮ್ಮೆ ಆಯಿಲ್ ಬೋಲ್ಟ್ ಬಿಚ್ಚಿ ನೋಡಿ. ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ಹೊರಗಿನ ಸೀಲ್ ಹೋಗಿದೆ ಅಂತ ಅರ್ಥ. ಆದರೆ ಮೋಟಾರ್ ಇನ್ನೂ ಉಳಿದಿರುತ್ತದೆ. ನನಗೆ ಬೇಕಾದದ್ದು ಇದೇ: ಕೆಡುವ ಮೊದಲು ಅದು ನಮಗೆ ಹೇಳಬೇಕು.

ಶ್ರೀರಂಗಪಟ್ಟಣ, ದೋಣಿ ನಡೆಸುವವರು:

ಮೇಲಿನ ಅಣ್ಣ ಹೇಳಿದ್ದು ಸರಿ. ಆದರೆ ಮೊದಲು ಪ್ರೊಪೆಲ್ಲರ್ ಬಿಚ್ಚಿ ನೋಡಿ. ಗಾಳದ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಒಳಕ್ಕೆ ಸರಿದು ಸೀಲನ್ನೇ ಕೊಯ್ಯುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಸೀಲಿನ ಮುಂದೆ ದಾರ ಕತ್ತರಿಸುವ ಚೂಪು ಅಂಚಿನ ರಿಂಗ್ ಇಡಿ.

ಇನ್ನು ಬಂಡೆ. ನಮ್ಮ ಕಾವೇರಿಯಲ್ಲಿ ನೀರು ಇಳಿದಾಗ ಎಲ್ಲಿ ಬಂಡೆ ಇದೆ ಅಂತ ಗೊತ್ತಾಗಲ್ಲ. ಪ್ರೊಪೆಲ್ಲರಿಗೆ ಹಿತ್ತಾಳೆ ಪಿನ್ ಹಾಕಿ. ಏಟು ಬಿದ್ದರೆ ಪಿನ್ ಮುರಿಯಲಿ, ಶಾಫ್ಟ್ ಬಗ್ಗುವುದು ಬೇಡ. ರಾಫ್ಟಿನಲ್ಲೇ ನಾಲ್ಕು ಪಿನ್, ಒಂದು ಇಕ್ಕಳ ಇರಲಿ. ಅಡ್ಡ ಸಿಕ್ಕಿದರೆ ಮೋಟಾರ್ ತಾನೇ ಮೇಲಕ್ಕೆ ಏಳುವ ಹಾಗೆ ಬ್ರಾಕೆಟ್ ಮಾಡಿ. ನಡೆಸುವವರ ಕೈಗೆ ಕಟ್ಟುವ ಕಿಲ್ ಸ್ವಿಚ್ ಮಾತ್ರ ಬಿಡಲೇಬೇಡಿ. ನೀರಿಗೆ ಬಿದ್ದವರ ಹತ್ತಿರ ಪ್ರೊಪೆಲ್ಲರ್ ತಿರುಗುತ್ತಿರಬಾರದು.

ಮೈಸೂರು, ಇವಿ ರಿಪೇರಿ ಮಾಡುವವರು:

ಹಾಲ್ ಸೆನ್ಸರ್ (ಮೋಟಾರ್ ಎಷ್ಟು ತಿರುಗಿದೆ ಅಂತ ಮ್ಯಾಗ್ನೆಟ್ ನೋಡಿ ಹೇಳುವ ಚಿಕ್ಕ ಭಾಗ) ಇಲ್ಲದೆ ಓಡುವ ಕಂಟ್ರೋಲರ್ ತಗೊಳ್ಳಿ. ತೇವಕ್ಕೆ ಮೊದಲು ಹೋಗುವುದು ಆ ಸೆನ್ಸರೇ. ಪ್ರೊಪೆಲ್ಲರಿಗೆ ಶುರುವಿನ ಎಳೆತ ಕಡಿಮೆ, ಸೆನ್ಸರ್ ಇಲ್ಲದೆಯೂ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಅಲ್ಯೂಮಿನಿಯಂ ಬಾಡಿಗೆ ಸ್ಟೀಲ್ ಬೋಲ್ಟ್ ಹಾಕಿದ್ದರೆ ಮೆಗ್ನೀಸಿಯಂ ಆನೋಡ್ ಕೂರಿಸಿ, ಬಾಡಿಯ ಬದಲು ತಾನು ಸವೆದುಹೋಗುವ ಲೋಹದ ತುಂಡು ಅದು. ಸತುವಿನದು ಸಮುದ್ರಕ್ಕೆ ಸರಿ, ಸಿಹಿನೀರಲ್ಲಿ ಅಷ್ಟಾಗಿ ಕೆಲಸ ಮಾಡಲ್ಲ. ಸುಮ್ನೆ ಜಾಸ್ತಿ ಸ್ಪೀಡಿಗೆ ಆಸೆ ಪಡಬೇಡಿ. ವೇಗ ಎರಡರಷ್ಟು ಆದರೆ ಪವರ್ ಸುಮಾರು ಎಂಟರಷ್ಟು ಬೇಕು, ಬಿಸಿಯೂ ಹಾಗೇ ಏರುತ್ತದೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಎರಡನೇ ಮೋಟಾರ್ ಬಿಚ್ಚಿದೆ. ಪ್ರೊಪೆಲ್ಲರ್ ಹಿಂದೆ ಎರಡು ಗೇಣು ದಾರ ಸಿಕ್ಕಿತು, ಬಿಸಿಗೆ ಕರಗಿ ಗಟ್ಟಿಯಾಗಿತ್ತು. ಸೀಲ್ ಕೂತ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದೆ. ನಾಳೆ ಲೇತ್‌ಗೆ ಕೊಟ್ಟು ಸ್ಲೀವ್ ಹಾಕಿಸುತ್ತೇನೆ. ಮಂಡ್ಯದ ಅಣ್ಣಾ, ಆ ಎರಡು ಸೀಲ್ ಕೂರಿಸಲು ಶಾಫ್ಟ್ ಎಷ್ಟು ಉದ್ದ ಬಿಡಬೇಕು?